ಗುಲಾಮರ ಆತ್ಮಕತೆಯನ್ನು ಕನ್ನಡದಲ್ಲಿ ಓದಿಸಿದ್ದು: ನನ್ನ ಅನುಭವ

ನಾಲ್ಕು ವರ್ಷ ಹಿಡಿಯಿತು. ಮೂರು ಕರಡು ಬರೆದೆ, ಎರಡನ್ನು ಹರಿದು ಹಾಕಿದೆ. ಕೈಯಿಂದ ಹೆಚ್ಚು ಕಡಿಮೆ 40 ಸಾವಿರ ಹೋಯಿತು. ಆದರೆ ಈಗ ಧೈರ್ಯವಾಗಿ ಹೇಳುತ್ತೇನೆ, ಫ್ರೆಡರಿಕ್ ಡಗ್ಲಸ್‌ನನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದರೆ ಜನ ಎದ್ದು ಹೋಗುವುದಿಲ್ಲ. ಅನುವಾದ ಮಾಡುವ ಗೆಳೆಯರಿಗೆ ಡಗ್ಲಸ್ ಯಾರು ಅಂತ ಹೇಳಬೇಕಿಲ್ಲ. ಉಳಿದವರಿಗೆ ಒಂದೇ ಮಾತು: ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ತನ್ನ ಕತೆಯನ್ನು ತಾನೇ ಬರೆದವನು. ನೇರ ನನ್ನ ಕೆಲಸಕ್ಕೆ ಬರುತ್ತೇನೆ.

ಮೊದಲ ಕರಡಿನಲ್ಲಿ ನಾನು ಡಗ್ಲಸ್‌ನ ಪರವಾಗಿ ಅತ್ತೆ. ಸಾಲಿಗೊಂದು 'ಅಮಾನುಷ', ಪುಟಕ್ಕೆರಡು 'ಪೈಶಾಚಿಕ'. ಸ್ವಂತ ಖರ್ಚಿನಲ್ಲಿ 500 ಪ್ರತಿ ಹಾಕಿಸಿದೆ, ಸುಮಾರು 28 ಸಾವಿರ ಆಯಿತು. ಎರಡು ವರ್ಷದಲ್ಲಿ ಹೋದದ್ದು 90 ಪ್ರತಿ. ಅದರಲ್ಲೂ ಅರ್ಧ ನಾನೇ ಕೊಟ್ಟದ್ದು. ಒಂದು ತಾಲ್ಲೂಕು ಊರಿನಲ್ಲಿ ಓದು ಇಟ್ಟಾಗ 40 ಜನ ಬಂದರು, ಮುಗಿಯುವಾಗ 15 ಜನ ಇದ್ದರು. ಹೊರಗೆ ಬಂದ ಮೇಲೆ ಒಬ್ಬರು ಹೇಳಿದರು, "ಪಾಪ ಅನ್ನಿಸ್ತು ಸಾರ್, ಅಷ್ಟೇ." ಆ 'ಅಷ್ಟೇ' ವಾರಗಟ್ಟಲೆ ಚುಚ್ಚಿತು.

ಮತ್ತೆ 1845ರ ಮೂಲ ತೆಗೆದು ಕೂತೆ. ಆಗ ಕಣ್ಣಿಗೆ ಬಿತ್ತು. ಇವನು ಅಳುವುದು ಕಡಿಮೆ, ಲೆಕ್ಕ ಕೊಡುವುದು ಜಾಸ್ತಿ. ದೊಡ್ಡ ಆಳಿಗೆ ತಿಂಗಳಿಗೆ 8 ಪೌಂಡ್ ಹಂದಿಮಾಂಸ ಇಲ್ಲವೇ ಅಷ್ಟೇ ಮೀನು, ಒಂದು ಬುಷೆಲ್, ಅಂದರೆ ಸುಮಾರು 22 ಕೆಜಿ, ಮೆಕ್ಕೆಜೋಳದ ಹಿಟ್ಟು. ವರ್ಷದ ಬಟ್ಟೆಯನ್ನು ಅಂಗಿ, ಪ್ಯಾಂಟು, ಕಾಲುಚೀಲ ಅಂತ ಎಣಿಸಿ, ಎಲ್ಲ ಸೇರಿ 7 ಡಾಲರ್ ದಾಟುವುದಿಲ್ಲ ಅನ್ನುತ್ತಾನೆ. ಮೇರಿಲ್ಯಾಂಡಿನ ಟಾಲ್ಬಟ್ ಕೌಂಟಿ ಅಂತ ಊರು ಹೇಳುತ್ತಾನೆ. ಹೊಳೆಯಲ್ಲಿ ನಿಂತಿದ್ದ ಡೆಂಬಿ ಎಂಬ ಗುಲಾಮನನ್ನು ಗುಂಡಿಟ್ಟು ಕೊಂದ ಮೇಸ್ತ್ರಿಯ ಹೆಸರು ಗೋರ್ ಅಂತ ಬರೆಯುತ್ತಾನೆ. ಬೇಕಾದರೆ ಹೋಗಿ ವಿಚಾರಿಸಿ ಅನ್ನುವ ಧಾಟಿ ಅದು. ಸಾಕ್ಷಿಕಟ್ಟೆಯಲ್ಲಿ ನಿಂತ ಮನುಷ್ಯನ ಮಾತು. ನಾನೋ, ಕನ್ನಡದವರಿಗೆ ಭಾರ ಆಗುತ್ತದೆ ಅಂತ ಹೆಸರು, ಅಂಕಿ ಎಲ್ಲ ಕತ್ತರಿಸಿ ಹಾಕಿದ್ದೆ! ನನ್ನ ದೊಡ್ಡ ತಪ್ಪು ಅದೇ.

ಅದನ್ನು ಬರೆಯುವಾಗ ಅವನು ಕಾನೂನಿನ ಪ್ರಕಾರ ಇನ್ನೂ ಗುಲಾಮ. ಯಜಮಾನನ ಹೆಸರು ಹೇಳಿದರೆ ತನ್ನನ್ನೇ ಹಿಡಿದುಕೊಟ್ಟ ಹಾಗೆ. ಪುಸ್ತಕ ಬಂದ ಮೇಲೆ ಅಮೆರಿಕ ಬಿಟ್ಟು ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿನ ಗೆಳೆಯರು 150 ಪೌಂಡ್ ಒಟ್ಟು ಮಾಡಿ 1846ರಲ್ಲಿ ಅವನನ್ನು ಬಿಡಿಸಿದರು. ಡಗ್ಲಸ್‌ನನ್ನು ಗುಲಾಮನಾಗಿದ್ದಾಗಲೇ ಬಲ್ಲ ಥಾಮ್ಸನ್ ಎಂಬಾತ, ಇದೆಲ್ಲ ಸುಳ್ಳು, ಆ ಓದು ಬಾರದ ಆಳು ಇದನ್ನು ಬರೆಯಲು ಸಾಧ್ಯವಿಲ್ಲ ಅಂತ ಪತ್ರಿಕೆಗೆ ಬರೆದ. ಡಗ್ಲಸ್ ಅವನಿಗೆ ಥ್ಯಾಂಕ್ಸ್ ಹೇಳಿದ. ನಾನು ಗುಲಾಮನಾಗಿದ್ದೆ ಅಂತ ನೀವೇ ಒಪ್ಪಿದಿರಲ್ಲ, ಅಷ್ಟು ಸಾಕು ಅಂತ. ಹೆಸರು ಹೇಳಿದ್ದರಿಂದ ಸಿಕ್ಕ ಸಾಕ್ಷಿ ಅದು.

ಎರಡನೇ ಕರಡಿನ ಕತೆ ಬೇರೆ. ಗುಲಾಮ ಅಲ್ವಾ ಅಂತ ಅವನ ಬಾಯಿಗೆ ನಮ್ಮ ಹಳ್ಳಿ ಮಾತು ಹಾಕಿದೆ. ಎರಡು ಅಧ್ಯಾಯ ಕೇಳಿದ ನಿವೃತ್ತ ಮೇಷ್ಟ್ರೊಬ್ಬರು ಸಿಟ್ಟಾದರು. "ಅವನು ಬ್ರೆಡ್ ಕೊಟ್ಟು ಬೀದಿ ಹುಡುಗರಿಂದ ಅಕ್ಷರ ಕಲಿತ. ಅಷ್ಟು ಕಷ್ಟಪಟ್ಟು ಗಳಿಸಿದ ಭಾಷೆಯನ್ನು ನೀನು ಕಿತ್ತುಕೊಂಡೆಯಲ್ಲಯ್ಯ" ಅಂದರು. ಮಾತು ನಿಜ. ಪುಸ್ತಕದ ಶೀರ್ಷಿಕೆ ಪುಟದಲ್ಲಿ 'ತಾನೇ ಬರೆದದ್ದು' ಅಂತ ಇರುವುದು ಸುಮ್ನೆ ಅಲ್ಲ. ಅಂಥ ಇಂಗ್ಲಿಷನ್ನು ಬರೆದ ಮನುಷ್ಯ ಒಬ್ಬರ ಆಸ್ತಿ ಆಗಿದ್ದ ಅನ್ನುವುದೇ ಗುಲಾಮಗಿರಿಯ ವಿರುದ್ಧದ ವಾದ. ಆ ಕರಡನ್ನೂ ಹರಿದೆ. ಗುಲಾಮಳಾಗಿದ್ದ ಮೇರಿ ಪ್ರಿನ್ಸ್‌ಳ ಆತ್ಮಕತೆ ಹಾಗಲ್ಲ. 1831ರಲ್ಲಿ ಲಂಡನ್ನಿನಲ್ಲಿ ಅವಳು ಬಾಯಲ್ಲಿ ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಂಡರು. ವೆಸ್ಟ್ ಇಂಡೀಸ್ ಕಡೆಯ ಟರ್ಕ್ಸ್ ದ್ವೀಪದ ಉಪ್ಪಿನ ಗದ್ದೆಯಲ್ಲಿ ನಿಂತು ನಿಂತು ಕಾಲೆಲ್ಲ ಹುಣ್ಣಾದ ಭಾಗಕ್ಕೆ ಆಡುಮಾತು ಚೆನ್ನಾಗಿ ಕೂತಿತು.

ಮೂರನೇ ಕರಡಿನಲ್ಲಿ ಒಂದು ವಾಕ್ಯ ದಾರಿ ತೋರಿಸಿತು. ಡಗ್ಲಸ್‌ಗೆ ಬಾಲ್ಯದಲ್ಲಿ ಬೂಟಿಲ್ಲ, ಹೊದಿಕೆಯಿಲ್ಲ. ಚಳಿಗೆ ಪಾದ ಎಷ್ಟು ಬಿರಿದಿತ್ತೆಂದರೆ, ಈಗ ಬರೆಯುತ್ತಿರುವ ಈ ಲೇಖನಿಯನ್ನು ಆ ಬಿರುಕಿನಲ್ಲಿ ಇಡಬಹುದಿತ್ತು ಅನ್ನುತ್ತಾನೆ. ನಾನು ಮೊದಲು 'ಪಾದಗಳು ತೀವ್ರವಾಗಿ ಗಾಯಗೊಂಡಿದ್ದವು' ಅಂತ ಬರೆದಿದ್ದೆ. ಲೇಖನಿಯನ್ನೇ ಬಿಟ್ಟಿದ್ದೆ! ಅದನ್ನು ವಾಪಸ್ ಇಟ್ಟು, ನಿಧಾನಕ್ಕೆ ಓದಿದೆ. ಎದುರಿಗಿದ್ದ ಗದ್ದೆ ಕೆಲಸದ ಹೆಂಗಸು ಸೆರಗಿನಡಿ ಹಿಮ್ಮಡಿ ಎಳೆದುಕೊಂಡರು. ಅವತ್ತು ಗೊತ್ತಾಯಿತು, ಇದು ಆಗುತ್ತದೆ ಅಂತ.

ರೇಷನ್ ಪ್ರಯೋಗವನ್ನೂ ಮಾಡಿದೆ. ಮೂರೂವರೆ ಕೆಜಿ ಮಾಂಸ, 22 ಕೆಜಿ ಹಿಟ್ಟು ಅಂತ ಲೆಕ್ಕ ಹಾಕಿ ಹಿಟ್ಟಿನ ಚೀಲವನ್ನೇ ಮೇಜಿನ ಮೇಲಿಟ್ಟೆ. ಒಬ್ಬ ರೈತ ನೋಡಿ, "ಇಷ್ಟರಲ್ಲಿ ಬದುಕಬಹುದಲ್ಲ" ಅಂದ. ನನಗೆ ಎದೆ ಧಸಕ್ ಅಂದಿತು. ಆಮೇಲೆ ಬಾಲ್ಟಿಮೋರಿನ ಕೂಲಿ ಭಾಗ ಓದಿದೆ. ಹಡಗುಕಟ್ಟೆಯಲ್ಲಿ ದುಡಿದ ಕೂಲಿಯನ್ನೆಲ್ಲ ವಾರದ ಕೊನೆಗೆ ಯಜಮಾನನ ಕೈಗೆ ಹಾಕಬೇಕು. 6 ಡಾಲರ್ ತಂದ ದಿನ ಅವನು ಕೆಲವೊಮ್ಮೆ 6 ಸೆಂಟ್ ವಾಪಸ್ ಕೊಡುತ್ತಿದ್ದ. ಇದನ್ನು ಮೊದಲು ಇವತ್ತಿನ ರೂಪಾಯಿಗೆ ತಿರುಗಿಸಿ ಕೆಟ್ಟೆ, ಚರ್ಚೆ ಡಾಲರ್ ರೇಟಿನ ಕಡೆ ಓಡಿತು. ಈಗ ನೂರಕ್ಕೆ ಒಂದು ಅಂತಷ್ಟೇ ಹೇಳುತ್ತೇನೆ. ಆ ಕಾಸು ಕೊಟ್ಟದ್ದೇ, ಪೂರ್ತಿ ನನ್ನದೇ ಅಂತ ಅವನು ಒಪ್ಪಿದ ಹಾಗೆ ಅನ್ನುತ್ತಾನೆ ಡಗ್ಲಸ್. ಆ ರೈತ ಆಗ ಚೀಲದ ಕಡೆ ಮತ್ತೆ ನೋಡಲಿಲ್ಲ. ಹೊಟ್ಟೆ ತುಂಬಿಸಿದರೂ ದುಡಿಮೆ ಕಸಿದದ್ದು ಕಸಿದದ್ದೇ ಅನ್ನುವುದು ಅಲ್ಲಿದ್ದ ಎಲ್ಲರಿಗೂ ತಲುಪಿತು.

ಅಮೆರಿಕದಲ್ಲೇ ಗುಲಾಮಳಾಗಿದ್ದ ಹ್ಯಾರಿಯೆಟ್ ಜೇಕಬ್ಸ್ ಅಡಗಿದ್ದ ಜಾಗ ತೋರಿಸಲು ಸೀಮೆಸುಣ್ಣ ಸಾಕು. 9 ಅಡಿ ಉದ್ದ, 7 ಅಡಿ ಅಗಲ ನೆಲದ ಮೇಲೆ ಗೀಚಿ, ತೀರಾ ಎತ್ತರದ ಜಾಗ 3 ಅಡಿ ಬರುವಂತೆ ಬೆಡ್‌ಶೀಟು ಇಳಿಜಾರಾಗಿ ಕಟ್ಟಿದೆ. ಕಾಲೇಜು ಹುಡುಗಿಯರು ಒಳಗೆ ಹೋಗಿ ಕೂತರು. ಹತ್ತು ನಿಮಿಷಕ್ಕೆ ಬೆನ್ನು ನೋವು ಅಂತ ಹೊರಗೆ ಬಂದರು. ಯಜಮಾನನ ಕಾಟ ತಪ್ಪಿಸಿಕೊಳ್ಳಲು ಅವಳು ಅಜ್ಜಿ ಮನೆಯ ಮಾಡಿನಲ್ಲಿ ಇದ್ದದ್ದು ಹೆಚ್ಚು ಕಡಿಮೆ ಏಳು ವರ್ಷ, ತೂತು ಕೊರೆದು ಮಕ್ಕಳನ್ನು ನೋಡುತ್ತಾ. 1861ರ ಆ ಪುಸ್ತಕವನ್ನು ಕಟ್ಟುಕತೆ ಅಂತ ಬಹಳ ಜನ ನಂಬಿದ್ದರು. 1980ರ ದಶಕದಲ್ಲಿ ಸಂಶೋಧಕಿ ಜೀನ್ ಫೇಗನ್ ಯೆಲಿನ್ ಹಳೆಯ ಪತ್ರಗಳನ್ನು ಹುಡುಕಿ ನಿಜ ಅಂತ ತೋರಿಸಿದರು. ಜೇಕಬ್ಸ್ ಹೆಸರುಗಳನ್ನು ಮರೆಸಿ ಬರೆದಿದ್ದಳು, ಅದಕ್ಕೇ ಅಷ್ಟು ಕಾಲ ಹಿಡಿಯಿತು ಅಂತ ನನ್ನ ಅನಿಸಿಕೆ.

ಓದುವಾಗ ಎಲ್ಲೆಲ್ಲಿ ನಿಲ್ಲಿಸುತ್ತೇನೆ, ಯಾವ ಅಧ್ಯಾಯದಿಂದ ಶುರು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನನ್ನ ಬಂಡವಾಳ. ಮೊದಲ ಅಧ್ಯಾಯದಿಂದ ಅಲ್ಲ ಅಂತ ಮಾತ್ರ ತಿಳಿಯಿರಿ.

"ಅಂಕಿ ಓದಿದರೆ ಯಾರು ಕೇಳ್ತಾರೆ" ಅಂದಿದ್ದ ಪ್ರಕಾಶಕರೊಬ್ಬರು ಹೋದ ವರ್ಷ ಫೋನ್ ಮಾಡಿದರು. ಅಷ್ಟರಲ್ಲಿ ಹೊಸ ಮುದ್ರಣದ 300 ಪ್ರತಿ ಓದಿನ ಕೋಣೆಗಳಲ್ಲೇ ಖಾಲಿಯಾಗಿತ್ತು, ಒಂದಕ್ಕೆ 120 ರೂಪಾಯಿ. ಹಾಕಿದ ದುಡ್ಡು ಪೂರ್ತಿ ಬಂದಿಲ್ಲ, ಇನ್ನೂ ಸ್ವಲ್ಪ ಬಾಕಿ. ಹಳೆಯ 'ಪೈಶಾಚಿಕ' ಪ್ರತಿಗಳು ಅಟ್ಟದ ಮೇಲಿವೆ. ಕೊಡಿ ಅಂದರೂ ಯಾರಿಗೂ ಕೊಡುವುದಿಲ್ಲ. ಮುಂದೆ ಮೇರಿ ಪ್ರಿನ್ಸ್ ಪೂರ್ತಿ ಮಾಡಬೇಕು. ಉಪ್ಪಿನ ಗದ್ದೆಯ ಮಾತು ಸರಿಯಾಗಿ ಹಿಡಿಯಲು ಗೋಕರ್ಣದ ಹತ್ತಿರ ಉಪ್ಪು ತೆಗೆಯುವ ಸಾಣಿಕಟ್ಟಾ ಕಡೆ ನಾಲ್ಕು ದಿನ ಇದ್ದು ಬರುತ್ತೇನೆ.