ಏಳೂವರೆ ಅಂಕದ ಕಾಟ

ಗ್ಯಾಜೆಟ್ ವಿಮರ್ಶಕನಾಗಿ ನಾನು ಮೊಟ್ಟಮೊದಲು ಅಂಕ ಕೊಟ್ಟದ್ದು ಒಂದು ಪವರ್ ಬ್ಯಾಂಕಿಗೆ. ಹತ್ತಕ್ಕೆ ಎಂಟು. ಯಾಕೆ ಎಂಟು ಅಂತ ಕೇಳಿದ್ದರೆ ತಡವರಿಸುತ್ತಿದ್ದೆ. ಚೆನ್ನಾಗಿತ್ತು, ಬರೆದೆ, ಅಷ್ಟೇ. ಕೇಳಿದವರು ನಮ್ಮಪ್ಪ ಒಬ್ಬರೇ. ಹೈಸ್ಕೂಲು ಮೇಷ್ಟ್ರು, ವರ್ಷಾವರ್ಷ ಎಸ್ಸೆಸ್ಸೆಲ್ಸಿ ವ್ಯಾಲ್ಯುಯೇಶನ್‌ಗೆ ಹೋಗಿ ಬಂದವರು. ನನ್ನ ವಿಮರ್ಶೆ ಓದಿ ಕನ್ನಡಕ ತೆಗೆದು, "ಕೀ ಆನ್ಸರ್ ಎಲ್ಲೋ?" ಅಂದರು.

ಹಾಗಾಗಿ ಕೀ ಆನ್ಸರ್ ಮಾಡಲು ಕೂತೆ. ಫೋನಿಗೆ ಕ್ಯಾಮೆರಾ 25, ಬ್ಯಾಟರಿ 20, ವೇಗ 20, ಪರದೆ 15, ಸಾಫ್ಟ್‌ವೇರ್ 10, ಕಟ್ಟುಮಸ್ತು 10. ಎಕ್ಸೆಲ್ ಶೀಟು ನೋಡಿ ನನಗೇ ಹೆಮ್ಮೆ. ಎರಡೇ ತಿಂಗಳಲ್ಲಿ ಅದು ಕೈಕೊಟ್ಟಿತು. ಒಂದು ಫೋನು ಬಂತು. ಕ್ಯಾಮೆರಾ ಸೊಗಸು, ಬ್ಯಾಟರಿ ಗಟ್ಟಿ, ಆದರೆ ಕರೆ ಮಾಡಿದರೆ ಆ ಕಡೆಯವರಿಗೆ ನನ್ನ ದನಿ ಬಾವಿಯೊಳಗಿಂದ ಬಂದ ಹಾಗೆ. ಶೀಟು ಕೊಟ್ಟ ಒಟ್ಟು 81. ಫೋನಿನಲ್ಲಿ ಮಾತಾಡುವುದಕ್ಕೆ ನಾನು ಒಂದಂಕವನ್ನೂ ಇಟ್ಟಿರಲಿಲ್ಲ! ಇಟ್ಟಿದ್ದರೂ ಐದು ಅಂಕ ಕಳೆದು 76 ಆಗುತ್ತಿತ್ತು, ಆಗಲೂ ಫಸ್ಟ್ ಕ್ಲಾಸೇ. ಸರಾಸರಿ ಅನ್ನುವುದು ಹೀಗೆ ಕಳ್ಳನನ್ನು ಗುಂಪಿನಲ್ಲಿ ಬಚ್ಚಿಡುತ್ತದೆ. ಪರಿಹಾರ ಅಪ್ಪನ ಮಾರ್ಕ್ಸ್ ಕಾರ್ಡಿನಲ್ಲೇ ಇತ್ತು: ಗಣಿತದಲ್ಲಿ ಡುಮ್ಕಿ ಹೊಡೆದವನಿಗೆ ಕನ್ನಡದಲ್ಲಿ ಎಷ್ಟು ಬಂದರೂ ಫಲಿತಾಂಶ ಫೇಲೇ. ಅಂದಿನಿಂದ ನಮ್ಮಲ್ಲಿ ಒಂದು ಮುಖ್ಯ ವಿಷಯದಲ್ಲಿ ಫೇಲಾದ ವಸ್ತು ಒಟ್ಟಿನಲ್ಲಿ ಆರು ದಾಟುವಂತಿಲ್ಲ.

ಅಳೆಯುವುದರಲ್ಲೂ ಪೆಟ್ಟು ತಿಂದಿದ್ದೇನೆ. ಬ್ಯಾಟರಿ ಪರೀಕ್ಷೆಗೆ ಬ್ರೈಟ್‌ನೆಸ್ ಅರ್ಧಕ್ಕಿಟ್ಟರೆ ಸಾಲದು. ಒಂದು ಫೋನಿನ ಅರ್ಧ ಇನ್ನೊಂದರ ಮುಕ್ಕಾಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ, ಬೆಳಕು ಅಳೆಯುವ ಲಕ್ಸ್ ಮೀಟರನ್ನು ಪರದೆಯಿಂದ ಒಂದೇ ದೂರದಲ್ಲಿಟ್ಟು, ಎಲ್ಲ ಫೋನುಗಳೂ ಒಂದೇ ಅಂಕಿ ತೋರಿಸುವಂತೆ ಹೊಂದಿಸಿ, ಏರೋಪ್ಲೇನ್ ಮೋಡಿನಲ್ಲಿ ಒಂದೇ ವಿಡಿಯೋವನ್ನು ಫೋನು ಸಾಯುವ ತನಕ ಓಡಿಸುತ್ತೇನೆ. ಬಿಸಿಯಾದಾಗ ವೇಗ ಎಷ್ಟು ಕುಸಿಯುತ್ತದೆ ಅಂತ ನೋಡಲು 3ಡಿಮಾರ್ಕ್ ಅನ್ನುವ ಪರೀಕ್ಷಾ ಆ್ಯಪ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್. ಒಂದೊಂದು ನಿಮಿಷದ 20 ಸುತ್ತು; ಅತಿ ಕಡಿಮೆ ಬಂದ ಸುತ್ತಿನ ಅಂಕ ಅತ್ಯುತ್ತಮ ಸುತ್ತಿನ ಅಂಕದ ಶೇಕಡಾ ಎಷ್ಟು ಅನ್ನುವುದೇ ಅದರ ಸ್ಥಿರತೆಯ ಲೆಕ್ಕ. ಒಮ್ಮೆ ಒಂದು ಫೋನನ್ನು ಜನವರಿಯ ಬೆಳಗಿನ ಚಳಿಯಲ್ಲಿ ಓಡಿಸಿದ್ದೆ, ಅದರ ಎದುರಾಳಿಯನ್ನು ಏಪ್ರಿಲ್ ಮಧ್ಯಾಹ್ನ, ಕರೆಂಟು ಹೋಗಿ ಫ್ಯಾನು ನಿಂತ ಕೋಣೆಯಲ್ಲಿ. ಎರಡನೆಯದಕ್ಕೆ ಅರ್ಧ ಅಂಕ ಕಡಿತ. ಓದುಗರೊಬ್ಬರು ಫೋನ್ ಮಾಡಿ, "ಸ್ವಾಮಿ, ಕೋಣೆಯ ಟೆಂಪರೇಚರ್ ಎಷ್ಟಿತ್ತು?" ಅಂತ ಒಂದೇ ಪ್ರಶ್ನೆ ಕೇಳಿದರು. ಎರಡನ್ನೂ ಒಂದೇ ಸಂಜೆ ಮತ್ತೆ ಓಡಿಸಿದೆ. ವ್ಯತ್ಯಾಸ ಮಾಯ. ತಪ್ಪೊಪ್ಪಿ ಅಂಕ ವಾಪಸು ಕೊಟ್ಟೆ. ಈಗ ಗೋಡೆಯ ಮೇಲೆ ಥರ್ಮಾಮೀಟರ್ ತೂಗುತ್ತಿದೆ.

ಕೆಲವಕ್ಕೆ ಊರೇ ಪ್ರಯೋಗಶಾಲೆ. ನಾಯ್ಸ್ ಕ್ಯಾನ್ಸಲೇಶನ್, ಅಂದರೆ ಹೊರಗಿನ ಸದ್ದು ಅಡಗಿಸುವ ತಂತ್ರ ಇರುವ ಇಯರ್‌ಬಡ್ ಬಂದರೆ ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್‌ವರೆಗೆ ಮೆಟ್ರೋದ ನೇರಳೆ ಮಾರ್ಗದ ಸುರಂಗದಲ್ಲಿ ಹೋಗಿ ಬರುತ್ತೇನೆ. ರೈಲಿನ ಒಂದೇ ಸಮನೆಯ ಗುಂಯ್‌ಗುಡುವಿಕೆಯನ್ನು ಅದು ಅಳಿಸಬೇಕು. 'ಮುಂದಿನ ನಿಲ್ದಾಣ' ಅನ್ನುವ ಘೋಷಣೆ ಕೇಳಿಸಿದರೆ ಬೈಯುವುದಿಲ್ಲ, ಏರಿಳಿಯುವ ಮಾತಿನ ದನಿಯನ್ನು ಹಿಡಿಯುವುದು ಆ ತಂತ್ರಕ್ಕೆ ಕಷ್ಟ.

ವಿಡಿಯೋ ಗೇಮ್‌ಗಳ ವಿಚಾರ ಬೇರೆ. ಅಲ್ಲಿ ಮೀಟರೂ ಇಲ್ಲ, ಕೀ ಆನ್ಸರೂ ಇಲ್ಲ. ಎಷ್ಟು ಗಂಟೆ ಆಡಿದೆ, ಮುಗಿಸಿದೆನೋ ಇಲ್ಲವೋ, ಯಾವ ಯಂತ್ರದಲ್ಲಿ ಆಡಿದೆ ಅಂತ ಅಂಕದ ಪಕ್ಕದಲ್ಲೇ ಬರೆಯುತ್ತೇವೆ. ಈ ಕೊನೆಯದನ್ನು ಕಲಿಸಿದ್ದು ಸೈಬರ್‌ಪಂಕ್ 2077 ಅನ್ನುವ ಆಟ. 2020ರ ಡಿಸೆಂಬರ್ 10ಕ್ಕೆ ಬಿಡುಗಡೆ. ಅದಕ್ಕೂ ಮುನ್ನ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಅಂಕಗಳ ಸುರಿಮಳೆ. ಸೋನಿ ಕಂಪನಿಯ ಹಳೆಯ ಗೇಮಿಂಗ್ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಹಾಕಿದವರಿಗೆ ಆಟ ಮುಗ್ಗರಿಸಿ ಮುಗ್ಗರಿಸಿ ನಿಲ್ಲುತ್ತಿತ್ತು. ಬಿಡುಗಡೆಯಾದ ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ಇಳಿಸಿತು, ಮತ್ತೆ ಹಾಕಿದ್ದು 2021ರ ಜೂನ್‌ನಲ್ಲಿ. ಒಂಬತ್ತು ಅಂಕ ನೋಡಿ ಪ್ಲೇಸ್ಟೇಷನ್‌ಗೆ ದುಡ್ಡು ಸುರಿದವರಿಗೆ ಆ ಒಂಬತ್ತು ಯಾವ ಯಂತ್ರದ್ದು ಅಂತ ಯಾರು ಹೇಳಬೇಕಿತ್ತು?

ಇನ್ನು ಏಳೂವರೆಯ ಸಂಕಟ. ಮಾರ್ಕ್ಸ್ ಕಾರ್ಡ್ ನೋಡಿ ಬೆಳೆದ ನಮಗೆ 60 ಬಂದರೆ ಫಸ್ಟ್ ಕ್ಲಾಸು, 85ಕ್ಕೆ ಡಿಸ್ಟಿಂಕ್ಷನ್ನು. ಗೇಮಿಂಗ್ ಲೋಕದಲ್ಲಿ ಏಳೂವರೆ ಅಂದರೆ ಅಕ್ಷರಶಃ ಏಳೂವರೆ ಶನಿ, ಆಟ ಸತ್ತಿತು ಅಂತಲೇ ಅಭಿಮಾನಿಗಳ ಲೆಕ್ಕ. ಹಾಗಂತ ಅವರನ್ನು ನೋಡಿ ನಗುವಂತಿಲ್ಲ, ಅಂಕಕ್ಕೆ ನಿಜಕ್ಕೂ ಹೊಟ್ಟೆಪಾಡು ಅಂಟಿಕೊಂಡಿರುತ್ತದೆ. ಹಲವು ಕಡೆಯ ವಿಮರ್ಶೆಗಳನ್ನು ನೂರರ ಅಳತೆಗೆ ತಂದು, ಒಬ್ಬೊಬ್ಬರಿಗೆ ಒಂದೊಂದು ತೂಕ ಕೊಟ್ಟು ಸರಾಸರಿ ಹಾಕುವುದು ಮೆಟಾಕ್ರಿಟಿಕ್ ಅನ್ನುವ ವೆಬ್‌ಸೈಟಿನ ಕೆಲಸ, 2001ರಿಂದ ನಡೆಯುತ್ತಿದೆ. 2010ರ ಫಾಲ್‌ಔಟ್: ನ್ಯೂ ವೆಗಾಸ್ ಅಲ್ಲಿ 85 ಮುಟ್ಟಿದ್ದರೆ ಆಟ ಮಾಡಿದ ಅಬ್ಸಿಡಿಯನ್ ಕಂಪನಿಗೆ ಬೋನಸ್ ಸಿಗುತ್ತಿತ್ತು ಅಂತ ಅದರ ಆಗಿನ ಮಾಲೀಕರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಹೇಳಿದರು. ಬಂದದ್ದು 84. ಒಂದಂಕಕ್ಕೆ ಡಿಸ್ಟಿಂಕ್ಷನ್ ತಪ್ಪಿದ ಹುಡುಗರ ಮುಖ ಅಪ್ಪ ನೋಡಿದ್ದಾರೆ; ನನಗೆ ಈ ಕತೆ ಓದಿದಾಗ ಅದೇ ನೆನಪಾಯಿತು.

ಅಂಕವನ್ನೇ ಕಿತ್ತುಹಾಕೋಣ ಅಂತ ಮೂರು ತಿಂಗಳು ಬರೀ ಮಾತಿನಲ್ಲಿ ಬರೆದು ನೋಡಿದೆವು. ಗೇಮ್ ವಿಮರ್ಶೆಯ ವೆಬ್‌ಸೈಟ್ ಯೂರೋಗೇಮರ್ ಕೂಡ 2015ರಲ್ಲಿ ಅಂಕ ಬಿಟ್ಟು, 2023ರಲ್ಲಿ ಐದು ನಕ್ಷತ್ರಗಳೊಂದಿಗೆ ವಾಪಸು ಬಂತು. ನಮಗೆ ಅಷ್ಟು ವರ್ಷ ಹಿಡಿಯಲಿಲ್ಲ. ನಮ್ಮಕ್ಕನೇ ಇಡೀ ವಿಮರ್ಶೆ ಓದಿ, "ಅದೆಲ್ಲಾ ಇರ್ಲಿ, ತಗೊಳ್ಳಾ ಬೇಡ್ವಾ?" ಅಂದಳು.

ಕಂಪನಿ ಕಡೆಯವರೂ ಫೋನ್ ಮಾಡುತ್ತಾರೆ. "ಸರ್, ಒಂದರ್ಧ ಜಾಸ್ತಿ ಮಾಡಕ್ಕಾಗಲ್ವಾ?" ಇಲ್ಲ ಅಂದರೆ ಮುಂದಿನ ಸಲ ವಿಮರ್ಶೆಗೆ ಡಬ್ಬಿ ಬರುವುದಿಲ್ಲ. ಬರದಿದ್ದರೆ ಅಂಗಡಿಯಿಂದ ಕೊಳ್ಳುತ್ತೇವೆ, ವಿಮರ್ಶೆ ಹತ್ತು ದಿನ ತಡವಾಗುತ್ತದೆ.

ಈಗ ನಡೆಯುತ್ತಿರುವ ಪದ್ಧತಿ ಇದು: ಇಬ್ಬರು ಬಳಸುತ್ತಾರೆ, ಮಾತಾಡಿಕೊಳ್ಳುವ ಮುಂಚೆ ಇಬ್ಬರೂ ಚೀಟಿಯಲ್ಲಿ ಅಂಕ ಬರೆದು ಮಡಚಿಡುತ್ತಾರೆ. ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು. ಹೋದ ವಾರ ಒಂದು ಅಗ್ಗದ ಸ್ಮಾರ್ಟ್‌ವಾಚಿಗೆ ನನ್ನ ಜೊತೆಗಾರನ ಚೀಟಿಯಲ್ಲಿ 8, ನನ್ನದರಲ್ಲಿ 5. ನನಗೆ ಬರುವ ಮೆಸೇಜೆಲ್ಲ ಕನ್ನಡದ್ದು. ಅಕ್ಷರ ಜೋಡಿಸುವ ತಂತ್ರಾಂಶ ಆ ವಾಚಿನಲ್ಲಿ ಇಲ್ಲ, ಹಾಗಾಗಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬೀಳುತ್ತದೆ. 'ಅಮ್ಮ' ಹೋಗಿ 'ಅಮ್‌ಮ' ಆಗುತ್ತದೆ, 'ರಾಷ್ಟ್ರ' ಬಂದರೆ ದೇವರೇ ಗತಿ. ಅದು ಮುಖ್ಯ ವಿಷಯ, ಫೇಲ್ ಅಂತ ನನ್ನ ವಾದ. ಅವನಿಗೆ ಬರುವುದೆಲ್ಲ ಇಂಗ್ಲಿಷು; "ನನ್ ಕೈಲಿ ಸಖತ್ತಾಗಿ ಓಡ್ತಿದೆ ಗುರು" ಅನ್ನುತ್ತಾನೆ. ವಾಚು ಸದ್ಯ ನಮ್ಮ ಅಕೌಂಟ್ಸ್ ಮೇಡಂ ಕೈಯಲ್ಲಿದೆ. ಶುಕ್ರವಾರ ಚೀಟಿ ಕೊಡುತ್ತಾರಂತೆ.