ಚನ್ನಪಟ್ಟಣದ ನಾಜಲ್, ಊದುಬತ್ತಿ ಕಡ್ಡಿ, ನನ್ನ ಎನ್‌1

ಕೊನೆಗೂ ನಿಂತಿದೆ. ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸಲು ಸೋವಿಯತ್‌ನವರು ಕಟ್ಟಿದ ರಾಕೆಟ್‌ನ ಮಾದರಿ: 1:100 ಅಳತೆಯ ಎನ್‌1, ಎತ್ತರ 105 ಸೆಂಟಿಮೀಟರ್, ಟಿವಿ ಪಕ್ಕದಲ್ಲಿ. "ಪೇಪರು, ಕಡ್ಡಿಯಲ್ಲಿ ಇದು ಆಗಲ್ಲ ಮಾರಾಯ, ಸುಮ್ನೆ ಕಿಟ್ ತರಿಸು" ಅಂದಿದ್ದ ಗೆಳೆಯರು ಮೊನ್ನೆ ಬಂದು, ಬಗ್ಗಿ ಬಗ್ಗಿ ತಳ ನೋಡಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಹಾರಿದ ನಾಲ್ಕು ಸಲವೂ ಬಿದ್ದ ರಾಕೆಟ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಎನ್‌1ರ ಸುಧಾರಿತ ರೂಪಕ್ಕೆಂದು ಸೋವಿಯತ್‌ನಲ್ಲಿ ಮಾಡಿದ್ದ ಒಂದು ಹೈಡ್ರೋಜನ್ ಎಂಜಿನ್ ಇತ್ತು. ಅದರ ಪೀಳಿಗೆಯದೇ 2001ರ ಏಪ್ರಿಲ್ 18ರಂದು ನಮ್ಮ ಮೊದಲ ಜಿಎಸ್‌ಎಲ್‌ವಿಯಲ್ಲಿ ಹಾರಿದ್ದು. ಅಷ್ಟು ನಂಟು ನನಗೆ ಸಾಕು.

ಕಷ್ಟ ಇರುವುದು ತಳದಲ್ಲಿ. ಮೊದಲ ಹಂತಕ್ಕೆ 30 ಎಂಜಿನ್, ಹೊರಗಿನ ಸುತ್ತಿನಲ್ಲಿ 24, ಒಳಗೆ 6. ಎರಡನೇ ಹಂತಕ್ಕೆ 8, ಮೂರನೆಯದಕ್ಕೆ 4. ಒಟ್ಟು 42 ನಾಜಲ್, ಅಂದರೆ ಎಂಜಿನ್ನಿನ ಬೆಂಕಿ ಉಗುಳುವ ಬಾಯಿ. ಮೊದಲು ಲಗ್ನಪತ್ರಿಕೆಯ ದಪ್ಪ ಕಾಗದ ಸುತ್ತಿ ಮಾಡಿದೆ. ಎರಡು ವಾರ ಹೋಯಿತು. ಒಂದೊಂದೂ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆ. ಸುತ್ತ ಜೋಡಿಸುತ್ತಾ ಬಂದರೆ 24ನೆಯದಕ್ಕೆ ಜಾಗವೇ ಇಲ್ಲ! ಆಮೇಲೆ ಒಂದು ತ್ರೀಡಿ ಪ್ರಿಂಟ್ ಅಂಗಡಿಗೆ ಕೊಟ್ಟೆ. ಸುಮಾರು 2,800 ರೂಪಾಯಿ. ಬಂದದ್ದು ಮೈತುಂಬ ಗೆರೆ, ಕತ್ತಿನ ಹತ್ತಿರ ಮುಟ್ಟಿದರೆ ಲಟಕ್. ಹದಿನೈದೋ ಹದಿನಾರೋ ಮುರಿದವು. ದುಡ್ಡು ವಾಪಸ್ ಕೇಳಿದ್ದಕ್ಕೆ ನಗು ಸಿಕ್ಕಿತು.

ಮೈಸೂರಿನಿಂದ ವಾಪಸ್ ಬರುವಾಗ ಚನ್ನಪಟ್ಟಣದಲ್ಲಿ ಗಾಡಿ ನಿಲ್ಲಿಸಿದ್ದೇ ತಿರುವು. ಕುಂಕುಮದ ಭರಣಿ ಕಡೆಯುತ್ತಿದ್ದವರಿಗೆ ಚಿತ್ರ ತೋರಿಸಿದೆ. "ಬುಗುರಿನಾ ಸಾರ್? ಮೊಳೆ ಬೇಡ್ವಾ?" ಅಂದರು. ಆಲೆ ಮರದಲ್ಲಿ 50 ಕಡೆದುಕೊಟ್ಟರು. ಸಣ್ಣವು 36, ಮೇಲಿನ ಹಂತಗಳ ಅಗಲ ಬಾಯಿಯವು 14. ಒಂದಕ್ಕೆ 20 ರೂಪಾಯಿ. ಕ್ಯಾಲಿಪರ್ ಹಿಡಿದು ನೋಡಿದರೆ ಎಲ್ಲವೂ ಒಂದೇ. ಕೋನಮಾಪಕದಲ್ಲಿ 15 ಡಿಗ್ರಿಗೊಂದು ಗುರುತು ಹಾಕಿ ಕೂರಿಸಿದೆ. 24ನೆಯದು ಟಕ್ ಅಂತ ಕೂತಿತು.

ಅಂಟು ಹಾಕುವ ಮೊದಲು ಮೂವತ್ತನ್ನೂ ಒಟ್ಟಿಗೆ ಇಟ್ಟು ನೋಡಿದೆ. ಅಸಲಿ ರಾಕೆಟ್‌ಗೆ ಇಷ್ಟೂ ಆಗಿರಲಿಲ್ಲ. ಮೊದಲ ಹಂತವನ್ನು ಪೂರ್ತಿ ಜೋಡಿಸಿ ನೆಲದ ಮೇಲೆ ಉರಿಸಿ ನೋಡುವ ಕಟ್ಟೆಯನ್ನೇ ಕಟ್ಟಲಿಲ್ಲ. 1969ರ ಫೆಬ್ರವರಿ 21ರಂದು ಬಾಲದಲ್ಲಿ ಬೆಂಕಿ ಬಿದ್ದು, ಕೋರ್ಡ್ ಎಂಬ ನಿಯಂತ್ರಣ ವ್ಯವಸ್ಥೆ 69 ಸೆಕೆಂಡಿಗೆ ಎಲ್ಲ ಎಂಜಿನ್ ಆರಿಸಿತು. ಅದೇ ವರ್ಷ ಜುಲೈ 3ರಂದು ಒಂದು ಎಂಜಿನ್‌ನ ಆಮ್ಲಜನಕದ ಪಂಪ್ ಸಿಡಿಯಿತು. ಕೋರ್ಡ್ ವ್ಯವಸ್ಥೆ ಒಂದು ಎಂಜಿನ್ ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿತು. ರಾಕೆಟ್ ವಾಲಿ ಬೈಕನೂರಿನ ಉಡಾವಣಾ ಕಟ್ಟೆಯ ಮೇಲೇ ಕುಸಿಯಿತು. ನಾನು ಮಾಡಿರುವುದು ಆ ರಾಕೆಟ್ಟನ್ನೇ. 1971ರದ್ದು ತನ್ನ ಸುತ್ತ ತಾನೇ ತಿರುಗಿ ಕೈತಪ್ಪಿತು. 1972ರ ನವೆಂಬರ್‌ನದು 107 ಸೆಕೆಂಡ್ ಬಾಳಿತು. ಅದನ್ನು ಮಾಡುವವರು ತಿರುಗಾಟ ತಡೆಯಲು ಸೇರಿಸಿದ ನಾಲ್ಕು ಪುಟ್ಟ ಎಂಜಿನ್ ಮರೆಯಬೇಡಿ. ಗೆಳೆಯರೊಬ್ಬರು ಮರೆತಿದ್ದಾರೆ, ಹೆಸರು ಬೇಡ.

ಹಂತಗಳ ನಡುವಿನ ತೆರೆದ ಜಾಲರಿಗೆ ಊದುಬತ್ತಿ ಕಡ್ಡಿ. ಮೊದಲು ಮನೆಯದನ್ನೇ ಮಸಾಲೆ ಕೆರೆದು ಬಳಸಿದೆ. ರಾಕೆಟ್ ದೇವರಕೋಣೆ ಥರ ಘಮ್ ಅಂದಿತು, ಬಣ್ಣ ಮಾತ್ರ ಹಿಡಿಯಲಿಲ್ಲ. ಮಸಾಲೆ ಹಾಕದ ಕಡ್ಡಿ ತೂಕಕ್ಕೆ ಸಿಗುತ್ತದೆ, ಅದನ್ನೇ ತನ್ನಿ. ಮೈಗೆ ಐವರಿ ಶೀಟ್, ಒಳಗೆ ಫೋಮ್ ಬೋರ್ಡಿನ ಬಿಲ್ಲೆಗಳು. ಒಳಗಿನ ಟ್ಯಾಂಕುಗಳು ಗುಂಡು, ಮೇಲೆ ಹೋದಂತೆ ಚಿಕ್ಕವು, ಹಾಗಾಗಿ ಇಡೀ ರಾಕೆಟ್ ಶಂಕು. ಪೈಪ್ ಇಟ್ಟು ಪಾರಾಗುವ ದಾರಿ ಇಲ್ಲ. ಮೊದಲ ಮಳೆಗಾಲಕ್ಕೆ ಕಾಗದ ಉಬ್ಬಿ ಸೊಂಟ ಬಂತು. ಈಗಿನದು ಎರಡು ಮಳೆಗಾಲ ತಡೆದಿದೆ. ಒಳಗೆ ಏನು ಬಳಿದೆ ಅಂತ ಮಾತ್ರ ಕೇಳಬೇಡಿ, ಹೇಳಲ್ಲ.

ಮಧ್ಯೆ ಬೇಜಾರಾದಾಗ ಸೋವಿಯತ್‌ನ ಇನ್ನೊಂದು ದೊಡ್ಡ ರಾಕೆಟ್ ಎನರ್ಜಿಯಾಗೆ ಕೈ ಹಾಕಿದ್ದೆ. ಪಿವಿಸಿ ಪೈಪಿಗೆ ಹೇಳಿ ಮಾಡಿಸಿದ ರಾಕೆಟ್ ಅದು. ನಡುವಿನ 7.7 ಮೀಟರ್ ದಪ್ಪದ ಮೈಗೆ 75 ಎಂಎಂ ಪೈಪ್, ನಾಲ್ಕು ಬೂಸ್ಟರ್‌ಗೆ 40 ಎಂಎಂ. ಪ್ರೋಟಾನ್ ರಾಕೆಟ್‌ಗೂ ಅದೇ 40 ನಡೆಯುತ್ತದೆ. ಆದರೆ 1988ರ ನವೆಂಬರ್ 15ರ ಹಾಗೆ ಬೆನ್ನಿಗೆ ಸೋವಿಯತ್‌ನ ಬಾಹ್ಯಾಕಾಶ ವಿಮಾನ ಬುರಾನ್ ಕಟ್ಟಿದ ತಕ್ಷಣ ಮುಗ್ಗರಿಸಿತು. ಬುರಾನ್ ಅನ್ನು ಗಟ್ಟಿ ಮರದಲ್ಲಿ ಕೆತ್ತಿದ್ದು ನನ್ನದೇ ದಡ್ಡತನ. 1987ರ ಮೇನಲ್ಲಿ ಎನರ್ಜಿಯಾ ಹೊತ್ತಿದ್ದ ಪೋಲ್ಯುಸ್ ನೌಕೆ ಮಾಡಿದರೂ ಆಗುತ್ತದೆ, ಬರೀ ಕಪ್ಪು ಕೊಳವೆ. ಆದರೆ ಅದು ತಿರುಗಬೇಕಾದ್ದಕ್ಕಿಂತ ಜಾಸ್ತಿ ತಿರುಗಿ, ಕಕ್ಷೆ ಸೇರದೆ ಪೆಸಿಫಿಕ್‌ಗೆ ಬಿದ್ದದ್ದು. ಮನೆಯಲ್ಲಿ ಬಿದ್ದವರ ಸಂಖ್ಯೆ ಆಗಲೇ ಜಾಸ್ತಿ ಅಲ್ವಾ?

ಒಟ್ಟು ಖರ್ಚು ಆರು ಸಾವಿರದ ಆಸುಪಾಸು. ಪ್ರಿಂಟ್ ಅಂಗಡಿಯ ದಂಡ ಬಿಟ್ಟರೆ ಮೂರು ಸಾವಿರ ಚಿಲ್ಲರೆ. ಎನರ್ಜಿಯಾಗೆ 20 ನಾಜಲ್ ಬೇಕು, ಮುಂಗಡ ಕೊಟ್ಟಾಗಿದೆ. ಎನ್‌1ರಲ್ಲಿ ಉಳಿದ ಎಂಟಕ್ಕೆ ಮಗ ಗುಂಡುಸೂಜಿ ಚುಚ್ಚಿ ಆಡಿಸುತ್ತಿದ್ದಾನೆ. ಚನ್ನಪಟ್ಟಣದವರು ಹೇಳಿದ್ದು ಸರಿ, ಬುಗುರಿಯಾಗಿಯೂ ಚೆನ್ನಾಗಿಯೇ ತಿರುಗುತ್ತವೆ.