ಗೆಳೆಯನ ಹೆಸರಿನಲ್ಲಿ ಸ್ಕೈಡೈವ್: ಜಿಗಿಯುವ ಮುನ್ನ ಮಾಡಬೇಕಾದ ಕೆಲಸಗಳು

ತೀರಿಕೊಂಡ ಗೆಳೆಯನ ನೆನಪಿಗಾಗಿ ವಿಮಾನದಿಂದ ಜಿಗಿದು, ಆ ನೆಪದಲ್ಲಿ ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಬೇಕೆಂದಿರುವವರು ಮೊದಲು ಹೋಗಬೇಕಾದದ್ದು ಅವನ ಮನೆಗೆ. ಹೆಸರು, ಭಾವಚಿತ್ರ, ಕಾಯಿಲೆಯ ವಿವರ ಇವುಗಳಲ್ಲಿ ಮನೆಯವರು ಒಪ್ಪಿದಷ್ಟನ್ನೇ ಬಳಸಬೇಕು. ತೀರ್ಥಹಳ್ಳಿಯ ನನ್ನ ಗೆಳೆಯನ ತಾಯಿ, “ಹೆಸ್ರು ಹಾಕು ಮಾರಾಯ, ಆಸ್ಪತ್ರೆ ಫೋಟೊ ಮಾತ್ರ ಬೇಡ” ಎಂದಿದ್ದರು. ಚಿಕಿತ್ಸೆಗಾಗಿ ಬೆಂಗಳೂರಿಗೆ ಓಡಾಡುವ ಖರ್ಚೇ ಆ ಮನೆಯನ್ನು ಹೆಚ್ಚು ಹಿಂಡಿತ್ತಾದ್ದರಿಂದ, ಬಡ ರೋಗಿಗಳ ಪ್ರಯಾಣ ಮತ್ತು ವಸತಿಗೆ ನೆರವಾಗುವ ಟ್ರಸ್ಟೊಂದನ್ನು ನಾವು ಆರಿಸಿಕೊಂಡೆವು.

ಹಣದ ವಿಷಯದಲ್ಲಿ ನನ್ನದು ಒಂದೇ ಹಟ: ಜಿಗಿತದ ಶುಲ್ಕ, ಪ್ರಯಾಣ, ಊಟ ಎಲ್ಲವೂ ನಿಮ್ಮ ಜೇಬಿನಿಂದಲೇ ಹೋಗಬೇಕು. ಟ್ಯಾಂಡಮ್ ಜಿಗಿತಕ್ಕೆ, ಅಂದರೆ ತರಬೇತುದಾರರ ಜೊತೆ ಕಟ್ಟಿಕೊಂಡು ಜಿಗಿಯುವುದಕ್ಕೆ, ಹತ್ತಾರು ಸಾವಿರ ರೂಪಾಯಿ ಬೇಕಾಗುತ್ತದೆ. ದೇಣಿಗೆಯಲ್ಲಿ ಅದನ್ನು ಮುರಿದುಕೊಂಡರೆ, ಕೊಟ್ಟವರ ದುಡ್ಡಿನಲ್ಲಿ ಮೋಜು ಮಾಡಿದ ಎಂಬ ಮಾತು ಊರಿನಲ್ಲಿ ಹುಟ್ಟುತ್ತದೆ, ಮತ್ತು ಅದು ಅನ್ಯಾಯದ ಮಾತೂ ಅಲ್ಲ. ನಿಮ್ಮ ಫೋನ್‌ಪೇ ಸಂಖ್ಯೆಯನ್ನು ಹಂಚದೆ ಟ್ರಸ್ಟಿನ ಖಾತೆಯ ಕ್ಯೂಆರ್ ಕೋಡನ್ನೇ ಹಂಚಿರಿ. ಆದಾಯ ತೆರಿಗೆಯಲ್ಲಿ 80ಜಿ ಎಂದೇ ರೂಢಿಯಾಗಿರುವ ವಿನಾಯಿತಿಗೆ ಟ್ರಸ್ಟ್ ನೋಂದಾಯಿತವಾಗಿದೆಯೇ ಎಂದು ನೋಡಿಕೊಳ್ಳಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲವೆಂಬುದನ್ನು ಕೊಡುವವರಿಗೆ ಮೊದಲೇ ತಿಳಿಸಿರಿ. ಹವಾಮಾನ ಕೆಟ್ಟು ಜಿಗಿತ ನಿಂತರೂ ಹಣ ಟ್ರಸ್ಟಿಗೇ ಸೇರುತ್ತದೆಂದೂ ಮನವಿಯಲ್ಲಿ ಬರೆಯಿರಿ.

ಕಾಲದ ಆಯ್ಕೆ ನಮ್ಮವರಿಗೆ ಸುಲಭ. ಮಳೆಗಾಲದಲ್ಲಿ ಜಿಗಿತದ ಯೋಚನೆಯೇ ಬೇಡ. ಅಡಿಕೆ ಕೊಯ್ಲು ಮುಗಿದು, ರಾಶಿ, ಬೆಟ್ಟೆ ಎಂಬ ಬಗೆಯ ಅಡಿಕೆ ಮಂಡಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಆಕಾಶವೂ ತಿಳಿಯಾಗಿರುತ್ತದೆ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಆರಂಭವಾದ ಮೇಲೆ ಇಲ್ಲಿಯೇ ಜಿಗಿಯಬಹುದೆಂದು ಕೆಲವರು ಎಣಿಸುತ್ತಾರೆ. ಪ್ರಯಾಣಿಕರ ನಿಲ್ದಾಣವೇ ಬೇರೆ, ಪ್ಯಾರಾಚೂಟ್ ಇಳಿಯುವ ಮೈದಾನವೇ ಬೇರೆ. ಮೈಸೂರಿನಲ್ಲಿ ಹಿಂದೆ ಜಿಗಿತಗಳು ನಡೆದಿವೆ, ಹರಿಯಾಣದ ನಾರ್ನೌಲ್‌ನಲ್ಲಿ ಕೇಂದ್ರವಿದೆ. ಎಲ್ಲಿಗೆ ಹೋದರೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅನುಮತಿ ಪತ್ರವನ್ನೂ ತರಬೇತುದಾರರ ಟ್ಯಾಂಡಮ್ ಪರವಾನಗಿಯನ್ನೂ ಕೇಳಿ ನೋಡಿರಿ; ಕೇಳಲು ಸಂಕೋಚಪಡುವ ಜಾಗ ಇದಲ್ಲ.

ಹೃದಯ, ಬೆನ್ನುಮೂಳೆ ಅಥವಾ ರಕ್ತದೊತ್ತಡದ ತೊಂದರೆ ಇರುವವರು ವೈದ್ಯರನ್ನು ಕಾಣದೆ ಮುಂಗಡ ಕಟ್ಟಬಾರದು. ತೂಕದ ಮಿತಿ ಕೇಂದ್ರದಿಂದ ಕೇಂದ್ರಕ್ಕೆ ಬದಲಾಗುತ್ತದೆ. ನೆಗಡಿಯಿದ್ದರೆ ಇಳಿಯುವಾಗ ಕಿವಿ ವಿಪರೀತ ನೋಯುತ್ತದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ, ಅಂದರೆ ಸಿಲಿಂಡರ್ ಹೊತ್ತು ಕಡಲಾಳದ ಈಜು, ಮಾಡಿ ಬಂದವರು ಕನಿಷ್ಠ ಒಂದು ದಿನ ಕಾಯಲೇಬೇಕು, ಏಕೆಂದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಎತ್ತರದಲ್ಲಿ ಗುಳ್ಳೆಗಟ್ಟಬಹುದು. ಜೀವವಿಮೆಯ ಪತ್ರದಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿಕೊಳ್ಳಿ.

ಟ್ಯಾಂಡಮ್ ಜಿಗಿತದಲ್ಲಿ ತರಬೇತುದಾರರ ಎದೆಗೆ ನಿಮ್ಮನ್ನು ಬಿಗಿದಿರುತ್ತಾರೆ, ಪ್ಯಾರಾಚೂಟ್ ಅವರ ಬೆನ್ನಿನಲ್ಲಿರುತ್ತದೆ, ಅದೇ ಚೀಲದಲ್ಲಿ ಮೀಸಲು ಪ್ಯಾರಾಚೂಟ್ ಕೂಡ ಇರುತ್ತದೆ. ಜಿಗಿಯುವ ಎತ್ತರ ಹತ್ತು ಸಾವಿರ ಅಡಿಯೆಂದರೆ ನಮ್ಮ ಕೊಡಚಾದ್ರಿಯ ಎರಡರಷ್ಟಕ್ಕಿಂತ ಹೆಚ್ಚು. ಅಲ್ಲಿಂದ ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಅರ್ಧ ನಿಮಿಷ ಬಿದ್ದು, ಐದು ಸಾವಿರ ಅಡಿಯ ಆಸುಪಾಸಿನಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೆ ಐದಾರು ನಿಮಿಷ ತೇಲುತ್ತೀರಿ. ಹೊರಬೀಳುವಾಗ ತಲೆ ಹಿಂದಕ್ಕೆ, ಸೊಂಟ ಮುಂದಕ್ಕೆ ಬಾಗಿಸುವುದು, ನೆಲ ಹತ್ತಿರವಾದಾಗ ಕಾಲುಗಳನ್ನು ಮೇಲೆತ್ತಿ ಹಿಡಿಯುವುದು, ಇವೆರಡೇ ನಿಮ್ಮ ಪಾಲಿನ ಕೆಲಸ. ಗೆಳೆಯನ ಫೋಟೊವನ್ನು ಕೈಯಲ್ಲಿ ಹಿಡಿಯುವ ಆಸೆ ಬೇಡ. ಹಾರಿಹೋದ ವಸ್ತು ಅಪಾಯಕಾರಿ. ನಾನು ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟು ಹೊಲಿಸಿಕೊಂಡಿದ್ದೆ.

ಊರಿಗೆ ಮರಳಿದ ವಾರದೊಳಗೆ ಬಂದ ಮೊತ್ತವನ್ನೂ ಟ್ರಸ್ಟಿನ ರಸೀದಿಯನ್ನೂ ಸೊಸೈಟಿಯ ಮುಂದಿನ ಬೋರ್ಡಿಗೆ ಅಂಟಿಸಿರಿ, ಒಂದು ಪ್ರತಿಯನ್ನು ಗೆಳೆಯನ ಮನೆಗೆ ಕೊಂಡುಹೋಗಿ ಕೊಡಿರಿ. ವೀಡಿಯೊವನ್ನು ಅವರು ಕೇಳಿದರೆ ಮಾತ್ರ ತೋರಿಸಿರಿ.